ಕಡಲೂರಿನ ಬಾಳು: ಒಲವು ಅರ್ಧ, ಮುನಿಸು ಅರ್ಧ

(ರಂಗಂಪೇಟೆಯಲ್ಲಿ ಗೆಳೆಯರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಓಣಿಗಳಲ್ಲಿ ಊರು ಬಿಟ್ಟು ದುಡಿಯಲು ಹೋದವರು ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಕೆಲವರು ಬೆಂಗಳೂರಿಗೆ, ಕೆಲವರು ಪುಣೆ-ಮುಂಬಯಿಗೆ, ಕೆಲವರು ಗೋವೆಗೆ, ಇನ್ನು ಕೆಲವರು ಮಂಗಳೂರಿಗೆ ಹೋಗಿದ್ದಾರೆ. ಮಂಗಳೂರಿನಿಂದ ಹಬ್ಬಕ್ಕೆ ಬಂದವರನ್ನು ನಿಲ್ಲಿಸಿ, "ಊರು ಹ್ಯಾಂಗದಪಾ?" ಎಂದು ಕೇಳಿ ನೋಡಿ. "ಛಲೋ ಅದರೀ, ಆದ್ರ..." ಎನ್ನುತ್ತಾರೆ. ಆ 'ಆದ್ರ'ದ ಮುಂದೆ ಏನಿದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಬ್ಯಾಂಕ್ ನೌಕರಿಯ ನಿಮಿತ್ತ 1981ರಲ್ಲಿ ನಾನು ಮಂಗಳೂರಿಗೆ ಹೋದೆ. ಎರಡು ವರ್ಷ ಕಳೆದು ವಾಪಸು ಬರುವೆನೆಂದು ಮನೆಯಲ್ಲಿ ಹೇಳಿದ್ದೆ. ಇಪ್ಪತ್ತೆರಡು ವರ್ಷ ಅಲ್ಲಿಯೇ ಉಳಿದೆ. ಈ ಅವಧಿಯಲ್ಲಿ ನಾನು ಗಮನಿಸಿದ ಒಂದು ಸಂಗತಿಯೆಂದರೆ, ಈ 'ಆದರೆ' ಎಂಬುದು ನಮ್ಮಂಥ ಹೊರಗಿನವರ ಬಾಯಲ್ಲಿ ಮಾತ್ರವಲ್ಲ, ಅಲ್ಲಿಯೇ ಹುಟ್ಟಿ ಬೆಳೆದವರ ಬಾಯಲ್ಲೂ ಇದೆ. ಅವರೂ ತಮ್ಮ ಊರನ್ನು ಅರ್ಧ ಒಲವಿನಿಂದ, ಅರ್ಧ ಮುನಿಸಿನಿಂದ ಪ್ರೀತಿಸುತ್ತಾರೆ. ಇದಕ್ಕೆ ಕಾರಣಗಳು ಆ ನೆಲದಲ್ಲಿವೆ, ಅದರ ಚರಿತ್ರೆಯಲ್ಲಿಯೂ ಇವೆ.

ಆರದ ಬೆವರು, ನಿಲ್ಲದ ಮಳೆ

ಮೊದಲು ಹವೆಯ ಮಾತು. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಮಂಗಳೂರಿನಲ್ಲಿ ಅದೇ ತಿಂಗಳು ಸಾಮಾನ್ಯವಾಗಿ 34ರ ಆಸುಪಾಸು. ಹಾಗಿದ್ದರೂ ನಮ್ಮವರು ಅಲ್ಲಿನ ಸೆಕೆಗೆ ಬಸವಳಿಯುತ್ತಾರೆ. ಬೆವರು ಆರಿದಾಗ ಮಾತ್ರ ಮೈ ತಂಪಾಗುತ್ತದೆ. ನಮ್ಮ ಒಣಗಾಳಿ ಬೆವರನ್ನು ಕ್ಷಣದಲ್ಲಿ ಹೀರಿಬಿಡುತ್ತದೆ. ಕಡಲ ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿರುವುದರಿಂದ ಅದು ಇನ್ನಷ್ಟನ್ನು ಹೀರಿಕೊಳ್ಳಲಾರದು. ಆದ್ದರಿಂದ ಬೆವರು ಮೈಮೇಲೆಯೇ ನಿಲ್ಲುತ್ತದೆ. ನೆರಳಿಗೆ ಹೋದರೆ ಇಲ್ಲಿ ಸುಖ. ಅಲ್ಲಿ ನೆರಳಿನಲ್ಲೂ ಸುಖವಿಲ್ಲ. ಮಧ್ಯಾಹ್ನದ ನಂತರ ಕಡಲಿನಿಂದ ಗಾಳಿ ಬೀಸತೊಡಗಿದಾಗ ಮಾತ್ರ ಊರಿಗೆ ಊರೇ ನಿಟ್ಟುಸಿರು ಬಿಡುತ್ತದೆ. ಸಂಜೆ ಪಣಂಬೂರಿನ ಮರಳಿನ ಮೇಲೆ ಸಂಸಾರಸಮೇತ ಕುಳಿತವರನ್ನು ಕಂಡರೆ, ಬೆಳಗಿನಿಂದ ಗೊಣಗಿದವರು ಇವರೇ ಏನು ಎನಿಸುತ್ತದೆ.

ಇನ್ನು ಮಳೆ. ನಮ್ಮ ಸುರಪುರ ಸೀಮೆಯಲ್ಲಿ ವರ್ಷಕ್ಕೆ 700 ಮಿಲಿಮೀಟರಿನಷ್ಟು ಮಳೆಯಾದರೆ ಬೆಳೆ ಬಂದಂತೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ನಾನು ಊರಿನಿಂದ ಒಯ್ದ ಜೋಳದ ಹಿಟ್ಟು ಮೊದಲ ಮಳೆಗಾಲದಲ್ಲಿಯೇ ಮುಗ್ಗಲು ಹಿಡಿಯಿತು. ಬಳಿಕ ಕಾಳನ್ನೇ ಒಯ್ದು ವಾರಕ್ಕೆ ಬೇಕಾದಷ್ಟೇ ಬೀಸಿಸುವುದನ್ನು ಕಲಿತೆವು. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು, ಬೆಂಕಿಪೊಟ್ಟಣಕ್ಕೂ ತಂಡಿ.

ಇಷ್ಟು ಮಳೆ ಬೀಳುವ ಊರಿಗೆ ಬೇಸಿಗೆಯಲ್ಲಿ ಕುಡಿಯುವ ನೀರಿಲ್ಲ ಎಂದರೆ ನೀವು ನಂಬುತ್ತೀರಾ? 2016ರ ಬೇಸಿಗೆಯಲ್ಲಿ ಹಾಗೆಯೇ ಆಯಿತು. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟೇ ನಗರದ ನೀರಿನ ಆಸರೆ. ಪಶ್ಚಿಮಘಟ್ಟದಲ್ಲಿ ಹುಟ್ಟುವ ಅಲ್ಲಿನ ನದಿಗಳ ಹರಿವು ಗಿಡ್ಡ, ಇಳಿಜಾರು ಕಡಿದು. ಬಿದ್ದ ನೀರು ನೋಡನೋಡುತ್ತ ಕಡಲು ಸೇರುತ್ತದೆ. ಆ ಜಂಬಿಟ್ಟಿಗೆಯ ನೆಲವೂ ನೀರನ್ನು ಬಹಳ ದಿನ ಹಿಡಿದಿಡುವುದಿಲ್ಲ. ನಾವಾದರೋ ಕಡಿಮೆ ಮಳೆಯ ನಾಡಿನವರು; 1982ರಿಂದ ನಾರಾಯಣಪುರದ ಬಸವಸಾಗರದಲ್ಲಿ ನಿಂತ ಕೃಷ್ಣೆಯ ನೀರನ್ನು ಎಡದಂಡೆ ಕಾಲುವೆಯಲ್ಲಿ ಕಂಡವರು. ಮಳೆ ಬೀಳುವುದು ಬೇರೆ, ನೀರು ಉಳಿಯುವುದು ಬೇರೆ. ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಗೆ ಕರಾವಳಿಯವರು ಏಕೆ ಅಷ್ಟು ಸಿಟ್ಟಾದರು ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೋಲಾರದ ಬಾಯಾರಿಕೆಯೂ ನಿಜ, ಅವರ ಅಂಜಿಕೆಯೂ ನಿಜ.

ಹಳೆಯ ಬಂದರು, ಹಳೆಯ ಅತಿಥಿ

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವೆಡೆ ಬೆಳೆದ ಊರು ಮಂಗಳೂರು. ಬಂದರು ಇದ್ದಲ್ಲಿ ಬರುವವರು, ಹೋಗುವವರು ಇದ್ದೇ ಇರುತ್ತಾರೆ. ಹದಿನಾಲ್ಕನೆಯ ಶತಮಾನದ ಯಾತ್ರಿಕ ಇಬ್ನ್ ಬತೂತ ಅಲ್ಲಿ ಪರ್ಷಿಯಾ, ಯೆಮೆನ್ ಕಡೆಯ ವರ್ತಕರನ್ನು ಕಂಡ. ಅವನಿಗಿಂತ ಎರಡು ಶತಮಾನ ಮೊದಲು ಅಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ಕಥೆ ನನಗೆ ಬಲು ಇಷ್ಟ. ಈತನ ಪತ್ರಗಳು ಈಜಿಪ್ಟಿನ ಕೈರೋದ ಹಳೆಯ ಪ್ರಾರ್ಥನಾಮಂದಿರವೊಂದರ ಕಾಗದದ ಉಗ್ರಾಣದಲ್ಲಿ ಉಳಿದುಬಂದವು. ಅವುಗಳ ಆಧಾರದ ಮೇಲೆ ಅಮಿತಾವ್ ಘೋಷ್ 1992ರಲ್ಲಿ ಒಂದು ಪ್ರಸಿದ್ಧ ಪುಸ್ತಕವನ್ನೇ ಬರೆದರು.

ಉತ್ತರ ಆಫ್ರಿಕದವನಾದ ಬೆನ್ ಯಿಜು 1132ರ ವೇಳೆಗೆ ಮಂಗಳೂರಿನಲ್ಲಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಆಶು ಎಂಬ ಇಲ್ಲಿನ ಹೆಣ್ಣಿನೊಡನೆ ಸಂಸಾರ ಹೂಡಿದ. ಬೊಮ್ಮ ಎಂಬ ತುಳುನಾಡಿನ ಆಳನ್ನು ವ್ಯಾಪಾರದ ಕೆಲಸಕ್ಕೆ ಏಡನ್ನಿನವರೆಗೂ ಕಳಿಸುತ್ತಿದ್ದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋದರೆ, ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕಳಿಸುತ್ತಿದ್ದರು. ಹದಿನೇಳು ವರ್ಷಗಳ ಬಳಿಕ, 1149ರಲ್ಲಿ, ಮಕ್ಕಳನ್ನು ಕರೆದುಕೊಂಡು ಅವನು ಏಡನ್ನಿಗೆ ಹಿಂದಿರುಗಿದ.

ಗಳಿಕೆ, ಸಂಸಾರ, ನಂಬಿಕೆಯ ಆಳು ಎಲ್ಲ ಇದ್ದೂ ಊರಿನ ತಿನಿಸಿಗಾಗಿ ಹಡಗು ಕಾಯುತ್ತಿದ್ದ ಆ ವರ್ತಕನಿಗೂ, ಸುರಪುರದ ಬಸ್ಸಿನ ನೆತ್ತಿಯ ಮೇಲೆ ಜೋಳದ ಚೀಲ, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಹೋಗುವ ನಮ್ಮವರಿಗೂ ನಡುವೆ ಸುಮಾರು ಒಂಬತ್ತು ನೂರು ವರ್ಷಗಳ ಅಂತರ ಮಾತ್ರ ಇದೆ.

ಮನೆಯ ಭಾಷೆ, ಶಾಲೆಯ ಭಾಷೆ

ಮಂಗಳೂರಿಗೆ ಹೋದ ನಮ್ಮವರಿಗೆ ಮೊದಲ ಪೆಟ್ಟು ಭಾಷೆಯದು. ಕರ್ನಾಟಕದೊಳಗೇ ಇದ್ದೇವೆ, ಬೋರ್ಡುಗಳೆಲ್ಲ ಕನ್ನಡದಲ್ಲಿವೆ, ಆದರೆ ಕಿವಿಗೆ ಬೀಳುವುದು ತುಳು, ಕೊಂಕಣಿ, ಬ್ಯಾರಿ, ಮಲಯಾಳಂ. ನಾನು ಮೊದಲ ದಿನ "ಊಟ ಆತೇನ್ರಿ?" ಎಂದಾಗ ಸಹೋದ್ಯೋಗಿ ನಕ್ಕು "ಒಣಸ್ ಆಂಡಾ?" ಎಂದು ಹೇಳಿಕೊಟ್ಟರು. ಅವರು ಆಡುವ ಕನ್ನಡವೋ ಪಠ್ಯಪುಸ್ತಕದಿಂದ ಎದ್ದು ಬಂದಂತೆ ಇರುತ್ತದೆ. ಅದಕ್ಕೆ ಕಾರಣವೂ ಉಂಟು: ಅವರಲ್ಲಿ ಬಹಳಷ್ಟು ಜನರಿಗೆ ಕನ್ನಡ ಶಾಲೆಯ ಭಾಷೆ, ಮನೆಯದಲ್ಲ.

ಆದರೂ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಆ ಊರಿನಿಂದ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಅಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. 1956ರವರೆಗೆ ಮದರಾಸಿಗೆ ಸೇರಿದ್ದ ಜಿಲ್ಲೆ ಅದು. ನಮ್ಮ ಸ್ಥಿತಿ ತದ್ವಿರುದ್ಧ. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿ ನಮಗೆ ಕನ್ನಡ ಮನೆಯ ಭಾಷೆ, ಉರ್ದು ಶಾಲೆಯ ಭಾಷೆ. ಅವರು ಕನ್ನಡವನ್ನು ಕಲಿತು ಉಳಿಸಿದರು, ನಾವು ಕಲಿಯಲು ಬಿಡದಿದ್ದಾಗಲೂ ಆಡಿ ಉಳಿಸಿದೆವು. ಇದು ತಿಳಿದ ಮೇಲೆ, ಅವರ ತುಳುವಿನ ಬಗ್ಗೆ ನನಗಿದ್ದ ಮುನಿಸು ಕರಗಿತು. ನಮ್ಮ ಮಾತನ್ನು ಕೇಳಿ ನಗುವ ಅವರ ಹುಡುಗರಿಗೂ ಇದನ್ನು ಯಾರಾದರೂ ತಿಳಿಸಿದರೆ ಒಳ್ಳೆಯದು.

ಬಿಟ್ಟು ಹೋಗುವವರ ಊರು

ಮಂಗಳೂರಿಗರು ಊರನ್ನು ಹೊಗಳುತ್ತಲೇ ಮಕ್ಕಳನ್ನು ಹೊರಗೆ ಕಳಿಸುವವರು. ಮೊದಲು ಮುಂಬಯಿ, 1970ರ ದಶಕದಿಂದ ಕೊಲ್ಲಿ ದೇಶಗಳು, ಈಗ ಎಲ್ಲೆಡೆ. 1974ರ ಭೂಸುಧಾರಣೆಯಲ್ಲಿ ಗೇಣಿ ಭೂಮಿ ಕಳೆದುಕೊಂಡ ಮನೆತನಗಳಲ್ಲಿ ಕೆಲವು ಪೇಟೆಯ ದಾರಿ ಹಿಡಿದವು. ಭೂಮಿ ಪಡೆದವರ ಮಕ್ಕಳು ಓದಿ ಅವರೂ ಹೊರಟರು. ನಮ್ಮ ಭಾಗದ ಊರೂರಿಗೂ ಬಂದು ಹೋಟೆಲು ಇಟ್ಟವರು ಆ ಕರಾವಳಿಯವರೇ ತಾನೆ? ಬ್ಯಾಂಕುಗಳೂ ಅಲ್ಲಿಂದ ಬಂದವು. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕ್ ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾದಾಗ ಅಲ್ಲಿನವರು ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮರುಗಿದರು.

ಹೀಗೆ ಮಕ್ಕಳು ದೂರ ಹೋದ ಮೇಲೆ ಉಳಿಯುವುದು ದೊಡ್ಡ ಮನೆ, ಇಬ್ಬರು ವೃದ್ಧರು, ಗೋಡೆಯ ಮೇಲೆ ಪಾಚಿ. ಹಳೆಯ ಹೆಂಚಿನ ಮನೆ ಕೆಡವಿದ ಜಾಗದಲ್ಲಿ ಬಹುಮಹಡಿ ಕಟ್ಟಡ ಏಳುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಹೆಸರಾದ ಊರಿನಲ್ಲಿ ಇಂದು ಹೆಂಚಿನ ಮಾಡು ಅಪರೂಪವಾಗುತ್ತಿದೆ. ಉಳ್ಳಾಲದ ಕಡೆ ಮಳೆಗಾಲ ಬಂದಿತೆಂದರೆ ಕಡಲು ದಡವನ್ನು ಕೊರೆಯುತ್ತದೆ. ಕೋಮುಗಲಭೆಯ ಭಯವೂ ಉಂಟು; 2006ರ ಅಕ್ಟೋಬರಿನ ಕರ್ಫ್ಯೂವನ್ನು, 2019ರ ಡಿಸೆಂಬರಿನ ಗೋಲಿಬಾರನ್ನು ಊರು ಮರೆತಿಲ್ಲ. ಒಳ್ಳೆಯ ಶಾಲೆ, ಒಳ್ಳೆಯ ಆಸ್ಪತ್ರೆ, ಹೊತ್ತಿಗೆ ಸರಿಯಾಗಿ ಬರುವ ಸಿಟಿ ಬಸ್ಸು, ಬೆಳಗಾತ ಬುಟ್ಟಿಯಲ್ಲಿ ಬರುವ ತಾಜಾ ಮೀನು ಎಂದು ಎಣಿಸುವವರೇ, ಮರುಕ್ಷಣ ದನಿ ತಗ್ಗಿಸಿ "ಊರು ಮೊದಲಿನ ಹಾಗಿಲ್ಲ ಮಾರಾಯ್ರೇ" ಎನ್ನುವುದು ಈ ಕಾರಣಗಳಿಂದ.

ಕಟ್ಟಿದವರಿಗೆ ಮನೆ

ಆ ಬಹುಮಹಡಿಗಳನ್ನು ಕಟ್ಟುವವರಲ್ಲಿ ನಮ್ಮವರಿದ್ದಾರೆ. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯ ಜನ ಕಲ್ಲು ಹೊತ್ತಿದ್ದಾರೆ, ರಸ್ತೆ ಅಗೆದಿದ್ದಾರೆ. ಅಲ್ಲಿ ಇವರೆಲ್ಲರಿಗೂ ಒಂದೇ ಹೆಸರು: 'ಘಟ್ಟದವರು'. ಕೂಲಿ ಊರಿಗಿಂತ ಹೆಚ್ಚು, ವಾರದ ಬಟವಾಡೆ ಸರಿಯಾಗಿ ಸಿಗುತ್ತದೆ, ಜಾತಿ ಕೇಳುವ ಗೌಡರ ಕಟ್ಟೆ ಇಲ್ಲ ಎಂದು ಇವರು ಹೇಳುವುದನ್ನು ಕೇಳಿದ್ದೇನೆ. ಕೊನೆಯ ಮಾತು ನಮಗೆ ನಾಚಿಕೆ ತರಬೇಕಾದದ್ದು. ಆದರೆ ವಾಸ ತಗಡಿನ ಶೆಡ್ಡಿನಲ್ಲಿ. ಗುಡ್ಡ ಕಡಿದು ಅಡಿಪಾಯ ತೋಡುವ ಊರಾದ್ದರಿಂದ ಮಳೆಗಾಲದಲ್ಲಿ ಮಣ್ಣು ಕುಸಿಯುವ ಅಪಾಯ ತಲೆಯ ಮೇಲೆಯೇ ಇರುತ್ತದೆ. ಬ್ಯಾಂಕ್ ನೌಕರನಾದ ನನಗೇ ಮೊದಲ ವರ್ಷ ಇಬ್ಬರು ಮಾಲೀಕರು 'ನೀವು ಯಾವ ಕಡೆಯವರು' ಎಂದು ಕೇಳಿ ಬಾಡಿಗೆ ಮನೆ ಕೊಡಲಿಲ್ಲ. ಮೂರನೆಯವರು ಕೊಟ್ಟರು, ಆ ಮನೆಯ ಅಮ್ಮ ನನ್ನ ಹೆಂಡತಿಯ ಬಾಣಂತನವನ್ನೂ ಮಾಡಿದರು. ನನ್ನ 'ಛಲೋ ಅದ'ವೂ 'ಆದ್ರ'ವೂ ಆ ಒಂದೇ ಬೀದಿಯಲ್ಲಿದ್ದವು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಈ ಸಂಬಂಧದ ಹುರುಳು ಬಯಲಾಯಿತು. ಕೆಲಸ ನಿಂತಿತು. ಮೇ ಮೊದಲ ವಾರ ಸರ್ಕಾರದ ಉಚಿತ ಬಸ್ಸುಗಳು ಹೊರಟಾಗ ನಮ್ಮವರು ಗಂಟುಮೂಟೆ ಹೊತ್ತು ಸಾಲುಗಟ್ಟಿದರು. ವರ್ಷಗಟ್ಟಲೆ ಅಲ್ಲಿದ್ದವರಿಗೆ ಆ ದಿನ ಅದು 'ನಮ್ಮೂರು' ಎನಿಸಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಬಹಳಷ್ಟು ಮಂದಿ ಮತ್ತೆ ಅದೇ ದಾರಿ ಹಿಡಿದರು. ಊರಿನಲ್ಲಿ ನೆಮ್ಮದಿ ಇತ್ತು, ಕೂಲಿ ಇರಲಿಲ್ಲ.

ಈಗ ಅಲ್ಲಿ ಹುಟ್ಟಿದ ನಮ್ಮ ಮಕ್ಕಳು ತುಳು ಮಾತಾಡುತ್ತಾರೆ, ಕುಚ್ಚಲಕ್ಕಿ ಗಂಜಿ ಕೇಳುತ್ತಾರೆ, ರಂಗಂಪೇಟೆಗೆ ಬಂದರೆ ಬಿಸಿಲಿಗೆ ಅಳುತ್ತಾರೆ. ಅವರ ಊರು ಯಾವುದು? ಈ ಪ್ರಶ್ನೆಗೆ ಭಾವನೆಯಿಂದ ಉತ್ತರಿಸುವ ಮೊದಲು ಎರಡು ಕೆಲಸ ಮಾಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಹೋದ ಊರಿನಲ್ಲಿ ಮೊದಲ ವಾರವೇ ಮಗುವನ್ನು ಶಾಲೆಗೆ ಸೇರಿಸಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಅಪಘಾತ ಪರಿಹಾರಕ್ಕೂ ಮಕ್ಕಳ ಓದಿನ ನೆರವಿಗೂ ಅದು ಬೇಕಾಗುತ್ತದೆ. ಈ ಎರಡು ಮಾತನ್ನು ಬಸ್ಸು ಹತ್ತುವವರ ಕಿವಿಗೆ ಹಾಕುವ ಹೊಣೆ ಇಲ್ಲಿ ಕುಳಿತಿರುವ ನಮ್ಮೆಲ್ಲರದು.

ಒಂದು ಊರಿನ ಮೇಲೆ ಮುನಿಸಿಕೊಳ್ಳುವ ಹಕ್ಕು ಅಲ್ಲಿ ಬಾಳುವವನಿಗೆ ಮಾತ್ರ ಇರುತ್ತದೆ. ನೋಡಲು ಹೋದವನಿಗೆ ಕಡಲು ಚೆಂದ, ಅಷ್ಟೇ. ನಮ್ಮ ಹುಡುಗರು ಮಂಗಳೂರಿನ ಮೇಲೆ ಮುನಿಸಿಕೊಳ್ಳುತ್ತಿದ್ದಾರೆಂದರೆ ಅವರು ಅಲ್ಲಿಯವರೂ ಆಗಿದ್ದಾರೆ ಎಂದೇ ನಾನು ತಿಳಿಯುತ್ತೇನೆ. ಈ ಸಲ ಹಬ್ಬಕ್ಕೆ ಅವರು ಬಂದು "ಛಲೋ ಅದರೀ, ಆದ್ರ..." ಎಂದಾಗ ಅಲ್ಲಿಗೇ ಬಿಡಬೇಡಿ. ಕೂಡಿಸಿ, ಮುಂದಿನದನ್ನೂ ಕೇಳಿ.