ಅಧ್ಯಕ್ಷನೂ ಸೇನಾಪತಿಯೂ

ಜನರು ಆರಿಸಿದ ಅಧ್ಯಕ್ಷ, ಜನರು ಕೊಂಡಾಡುವ ಸೇನಾಪತಿ—ಇವರಿಬ್ಬರಲ್ಲಿ ಭಿನ್ನಮತ ಹುಟ್ಟಿದರೆ ಯಾರ ಮಾತು ನಡೆಯಬೇಕು? ಎರಡನೆಯ ಮಹಾಯುದ್ಧ ಮುಗಿದು ಆರು ವರ್ಷ ತುಂಬುವುದರೊಳಗೆ ಅಮೆರಿಕಕ್ಕೆ ಈ ಪ್ರಶ್ನೆ ಎದುರಾಯಿತು.

ಹ್ಯಾರಿ ಟ್ರೂಮನ್ ಮಿಸ್ಸೂರಿ ಪ್ರಾಂತದವರು. ಹೊಲ ಉತ್ತವರು, ಬಟ್ಟೆಯಂಗಡಿ ಇಟ್ಟು ನಷ್ಟಪಟ್ಟವರು. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ, ಉಪಾಧ್ಯಕ್ಷರಾಗಿ ಮೂರು ತಿಂಗಳೂ ತುಂಬದ ಅವರ ಹೆಗಲಿಗೆ ಅಧ್ಯಕ್ಷಪದವಿಯ ಭಾರ ಬಿತ್ತು. ಡಗ್ಲಾಸ್ ಮೆಕಾರ್ಥರರಾದರೋ ಜಪಾನಿನ ಶರಣಾಗತಿಯನ್ನು ಸ್ವೀಕರಿಸಿದ ಹೆಸರಾಂತ ಜನರಲ್.

1950ರ ಜೂನ್ 25ರಂದು ಉತ್ತರ ಕೊರಿಯದ ಸೇನೆ ದಕ್ಷಿಣದ ಮೇಲೆ ನುಗ್ಗಿತು. ವಿಶ್ವಸಂಸ್ಥೆಯ ಪಡೆಗಳಿಗೆ ಮೆಕಾರ್ಥರ್ ದಂಡನಾಯಕರಾದರು. ಸೆಪ್ಟೆಂಬರಿನಲ್ಲಿ ಇಂಚಾನ್ ರೇವಿನಲ್ಲಿ ಸೇನೆಯನ್ನಿಳಿಸಿ ಯುದ್ಧದ ಗತಿಯನ್ನೇ ತಿರುಗಿಸಿದರು. ಅಮೆರಿಕದ ಪಡೆಗಳು 38ನೆಯ ಅಕ್ಷಾಂಶವನ್ನು ದಾಟಿದರೆ ತಾನು ಸುಮ್ಮನಿರುವುದಿಲ್ಲವೆಂದು ಚೀನವು ಪೀಕಿಂಗಿನಲ್ಲಿದ್ದ ಭಾರತದ ರಾಯಭಾರಿ ಕೆ. ಎಂ. ಪಣಿಕ್ಕರರ ಮೂಲಕ ಎಚ್ಚರಿಕೆ ಕೊಟ್ಟಿತ್ತು. ವಾಷಿಂಗ್ಟನ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚಳಿಗಾಲದ ಹೊತ್ತಿಗೆ ಚೀನೀ ಸೈನ್ಯ ಕಾಳಗಕ್ಕಿಳಿಯಿತು; ಗೆದ್ದ ನೆಲ ಕೈತಪ್ಪಿತು.

ಯುದ್ಧವನ್ನು ಚೀನಕ್ಕೂ ಒಯ್ಯಬೇಕೆಂಬುದು ಸೇನಾಪತಿಯ ಹಟ; ಮತ್ತೊಂದು ಮಹಾಯುದ್ಧಕ್ಕೆ ಎಡೆಗೊಡಬಾರದೆಂಬುದು ಅಧ್ಯಕ್ಷರ ನಿಲುವು. ಭಿನ್ನಾಭಿಪ್ರಾಯ ತಪ್ಪಲ್ಲ. ಆದರೆ ಮೆಕಾರ್ಥರ್ ತಮ್ಮ ಮಾತನ್ನು ಪ್ರತಿಪಕ್ಷದ ನಾಯಕ ಜೋಸೆಫ್ ಮಾರ್ಟಿನ್‌ರಿಗೆ ಕಾಗದದಲ್ಲಿ ಬರೆದರು. ಮಾರ್ಟಿನ್ ಅದನ್ನು ಪ್ರತಿನಿಧಿ ಸಭೆಯಲ್ಲಿ ಓದಿದರು. ಸೇನೆಗೆಲ್ಲ ಅಧ್ಯಕ್ಷನೇ ಪರಮಾಧಿಕಾರಿ ಎಂದು ಆ ದೇಶದ ಸಂವಿಧಾನ ಹೇಳುತ್ತದೆ. 1951ರ ಏಪ್ರಿಲ್ 11ರಂದು ಟ್ರೂಮನ್ ಸೇನಾಪತಿಯನ್ನು ಅಧಿಕಾರದಿಂದ ತೆಗೆದರು.

ಸ್ವದೇಶಕ್ಕೆ ಮರಳಿದ ಮೆಕಾರ್ಥರರಿಗೆ ನ್ಯೂಯಾರ್ಕಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ಸೇರಿ ಜಯಕಾರ ಮಾಡಿದರು. ಅಧ್ಯಕ್ಷರಿಗೆ ಬಂದದ್ದು ನಿಂದೆಯ ಸುರಿಮಳೆ. ಆದರೆ ಸೆನೆಟ್ಟಿನ ವಿಚಾರಣೆಯಲ್ಲಿ ಅತ್ಯುನ್ನತ ಸೇನಾಧಿಕಾರಿಗಳೇ ಅಧ್ಯಕ್ಷರ ಪರವಾಗಿ ನುಡಿದರು. ಜನರ ಕಾವು ಮೆಲ್ಲನೆ ಇಳಿಯಿತು. ಟ್ರೂಮನ್‌ರ ಜನಪ್ರಿಯತೆ ಮಾತ್ರ ಮತ್ತೆ ಚಿಗುರಲಿಲ್ಲ. 1952ರ ಚುನಾವಣೆಗೆ ಅವರು ನಿಲ್ಲಲಿಲ್ಲ.

ಆಗ ಗೆದ್ದ ಐಸೆನ್‌ಹೋವರರೂ ಸೇನಾಪತಿಯೇ. ಆದರೆ ಅವರು ಸಮವಸ್ತ್ರವನ್ನು ಕಳಚಿಟ್ಟು, ಜನರ ಮತ ಬೇಡಿ ಬಂದವರು. 1953ರ ಜುಲೈ 27ರಂದು ಕದನವಿರಾಮವಾಯಿತು. ತಾಯ್ನಾಡಿಗೆ ಮರಳಲೊಪ್ಪದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಅಧ್ಯಕ್ಷರಾದರು.

ಜಯಕಾರಕ್ಕೆ ಅಂಜಿ ಟ್ರೂಮನ್ ಅಂದು ಸುಮ್ಮನಿದ್ದಿದ್ದರೆ, ಮುಂದಿನ ಅಧ್ಯಕ್ಷರಿಗೆ ಯಾವ ಸೇನಾಪತಿಯನ್ನು ತಡೆಯುವುದೂ ಕಷ್ಟವಾಗುತ್ತಿತ್ತು. ತಮ್ಮ ಜನಪ್ರಿಯತೆಯನ್ನು ತೆತ್ತು ಅವರು ಆ ಪದವಿಯ ಅಧಿಕಾರವನ್ನು ಉಳಿಸಿಕೊಟ್ಟರು.