ನೆಲಕ್ಕಿಳಿಯುವ ಮಂಡಿ: ಎಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ತಿದ್ದುವ ವ್ಯಾಯಾಮ ಮತ್ತು ಕಿನೀಸಿಯೋ ಪಟ್ಟಿ



ಹದಿಮೂರು ಹದಿನಾಲ್ಕರ ಪ್ರಾಯದ ಬಾಲಿಕೆಯೊಬ್ಬಳು ಬುಟ್ಟಿಯ ಅಂಚಿಗೆ ತಗುಲಿ ಮರಳಿದ ಚೆಂಡಿಗಾಗಿ ಮೇಲಕ್ಕೆ ನೆಗೆದು, ಅದನ್ನು ಎರಡು ಕೈಗಳಿಂದ ಹಿಡಿದು, ಮರುಕ್ಷಣದಲ್ಲಿ ಒಂಟಿಗಾಲಿನ ಮೇಲೋ ಜೋಡಿಗಾಲಿನ ಮೇಲೋ ನೆಲಕ್ಕೆ ಇಳಿಯುವಾಗ, ಅವಳ ಮಂಡಿಗಳು ಪಾದಗಳ ನೇರವನ್ನು ಬಿಟ್ಟು ಒಂದನ್ನೊಂದು ಸಮೀಪಿಸುವಂತೆ ಒಳಕ್ಕೆ ಕುಸಿಯುವುದುಂಟು. ನೋಡುವವರ ದೃಷ್ಟಿಯೆಲ್ಲ ಚೆಂಡಿನ ಮೇಲೆ ನೆಟ್ಟಿರುವುದರಿಂದ ಈ ಕುಸಿತವನ್ನು ಗಮನಿಸುವವರು ವಿರಳ. ಗಮನಿಸಿದ ಮೇಲೆ ಅದನ್ನು ತಿದ್ದುವ ಬಗೆ ಯಾವುದೆಂದು ಕೇಳಿದರೆ ಇಂದಿನ ಕ್ರೀಡಾಲೋಕ ಎರಡು ಉತ್ತರಗಳನ್ನು ಕೊಡುತ್ತದೆ. ದುರ್ಬಲವಾದ ಸ್ನಾಯುಗಳನ್ನು ಬಲಪಡಿಸಿ, ಬಿಗಿದವುಗಳನ್ನು ಸಡಿಲಿಸಿ, ಇಳಿಯುವ ಕ್ರಮವನ್ನೇ ಹೊಸದಾಗಿ ಕಲಿಸುವ ವ್ಯಾಯಾಮ ಒಂದು. ಆಟಗಾರರೆಲ್ಲ ಕಿನೀಸಿಯೋ ಟೇಪು ಎಂದು ಕರೆಯುವ, ಚರ್ಮಕ್ಕೆ ಅಂಟಿಸುವ ಬಣ್ಣದ ಹಿಗ್ಗುಪಟ್ಟಿ ಇನ್ನೊಂದು. ಇವೆರಡರ ತಾರತಮ್ಯವನ್ನು ವಿವೇಚಿಸುವುದೇ ಈ ಉಪನ್ಯಾಸದ ಉದ್ದೇಶ.

1891ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕನು, ಚಳಿಗಾಲದಲ್ಲಿ ಒಳಾಂಗಣದೊಳಗೆ ಆಡಬಹುದಾದ ಕ್ರೀಡೆಯೊಂದನ್ನು ಕಲ್ಪಿಸುವಾಗ, ಗುರಿಯನ್ನು ಆಟಗಾರರ ತಲೆಯ ಮೇಲಕ್ಕೆ ಏರಿಸಿದರೆ ಬಲಪ್ರಯೋಗದ ಎಸೆತ ನಿಷ್ಫಲವಾಗಿ ಆಟ ಸೌಮ್ಯವಾಗುವುದೆಂದು ಯೋಚಿಸಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿದನು. ಆ ಹತ್ತು ಅಡಿ ಇಂದಿಗೂ ಹಾಗೆಯೇ ಉಳಿದಿದೆ. ಪೆಟ್ಟುಗಳನ್ನು ತಪ್ಪಿಸುವುದಕ್ಕೆಂದು ಏರಿಸಿದ ಆ ಎತ್ತರವೇ ಆಟವನ್ನು ನೆಗೆತದ ಆಟವನ್ನಾಗಿ ಮಾಡಿತು. ನೆಗೆದವರು ಇಳಿಯಲೇಬೇಕಾದ್ದರಿಂದ ಆಟದ ಅಪಾಯವೂ ಇಳಿಯುವಿಕೆಯಲ್ಲಿ ಬಂದು ನೆಲೆಸಿತು. ನಮ್ಮ ದೇಶದಲ್ಲಿ ಈ ಕ್ರೀಡೆ ಬೇರೂರಿದ್ದು ಅದೇ ವೈ.ಎಂ.ಸಿ.ಎ. ಸಂಸ್ಥೆಯ ಮೂಲಕ, 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ತೆರೆದ ದೈಹಿಕ ಶಿಕ್ಷಣ ವಿದ್ಯಾಲಯ ದಕ್ಷಿಣದ ಕ್ರೀಡಾಶಿಕ್ಷಣಕ್ಕೆ ತಾಯಿಬೇರಿನಂತಿತ್ತು. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75-73 ಅಂಕಗಳಿಂದ ಮಣಿಸಿ ಏಷ್ಯಾ ಕಪ್‌ನ ಎರಡನೆಯ ವಿಭಾಗವನ್ನು ಗೆದ್ದು ಮೊದಲ ವಿಭಾಗಕ್ಕೆ ಏರಿದರು. ಆ ಅಂಕಣಕ್ಕೆ ಮರದ ಹಾಸುಂಟು. ನಮ್ಮ ಬಹುತೇಕ ಶಾಲಾ ಬಾಲಿಕೆಯರು ಆಡುವುದು ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಎಂಬುದನ್ನು ಈ ವಿಚಾರದುದ್ದಕ್ಕೂ ನೆನಪಿನಲ್ಲಿಡಬೇಕು.

ಮಂಡಿ ಒಳಕ್ಕೆ ಕುಸಿಯುವುದೆಂದರೆ ಮಂಡಿಯದೇ ದೋಷವೆಂದು ಭಾವಿಸುವುದು ಸಹಜ. ಆದರೆ ಯಥಾರ್ಥ ಬೇರೆ. ತೊಡೆಯ ಮೂಳೆ ಮತ್ತು ಕಣಕಾಲಿನ ಮೂಳೆಗಳ ನಡುವೆ ಸಿಕ್ಕಿಕೊಂಡಿರುವ ಈ ಕೀಲು, ಮೇಲಿನದೂ ಕೆಳಗಿನದೂ ಹೇಳಿದಂತೆ ನಡೆಯುವ ಪರಾಧೀನ ಕೀಲು. ಸೊಂಟದ ಪಕ್ಕದಲ್ಲಿರುವ ಪೃಷ್ಠದ ಸ್ನಾಯುಗಳು ತೊಡೆಯನ್ನು ಹೊರಕ್ಕೆ ಹಿಡಿದು ನಿಲ್ಲಿಸಲಾರದೆ ಹೋದರೆ, ತೊಡೆಮೂಳೆ ಒಳಕ್ಕೆ ವಾಲಿ ಒಳಕ್ಕೇ ತಿರುಗುತ್ತದೆ. ಕೆಳಗೆ ಮೀನಖಂಡ ಬಿಗಿದಿದ್ದರೆ, ಕಣಕಾಲು ಪಾದದ ಮೇಲೆ ಮುಂದಕ್ಕೆ ಬಾಗಲಾರದೆ, ಆ ಬಾಗು ಬೇರೆಡೆ ದಾರಿ ಹುಡುಕಿ, ಅಂಗಾಲಿನ ಕಮಾನು ಕುಸಿದು ಮಂಡಿ ಮತ್ತಷ್ಟು ಒಳಸರಿಯುತ್ತದೆ. ಇಂಥ ಮಗುವಿನ ಹಿಮ್ಮಡಿಗಳ ಕೆಳಗೆ ಎರಡು ಅಂಗುಲ ದಪ್ಪದ ಹಲಗೆಯನ್ನಿಟ್ಟು ಬಸ್ಕಿ ಹೊಡೆಯಲು ಹೇಳಿದಾಗ ಮಂಡಿ ನೇರವಾಗಿ ನಿಂತರೆ ದೋಷ ಬಹುಮಟ್ಟಿಗೆ ಹರಡಿನಲ್ಲಿದೆಯೆಂದೂ, ಹಲಗೆಯಿಟ್ಟರೂ ಒಳಕ್ಕೇ ಹೋದರೆ ಸೊಂಟದಲ್ಲಿದೆಯೆಂದೂ ಊಹಿಸಬಹುದು. ಯಂತ್ರಗಳ ನೆರವಿಲ್ಲದೆ ಶಾಲೆಯ ಜಗಲಿಯಲ್ಲಿಯೇ ಮಾಡಬಹುದಾದ ಪರೀಕ್ಷೆಯಿದು.

ಈ ಕುಸಿತದಿಂದ ಹಾನಿಗೊಳಗಾಗುವುದು ಮಂಡಿಯ ಒಳಗೆ ಓರೆಯಾಗಿ ಹಾಯ್ದಿರುವ, ವೈದ್ಯರೂ ಆಟಗಾರರೂ ಎಸಿಎಲ್ ಎಂದೇ ಹೇಳುವ ಅಸ್ಥಿರಜ್ಜು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದು ಹರಿಯುವ ಪ್ರಮಾಣ ಹುಡುಗರಲ್ಲಿರುವುದಕ್ಕಿಂತ ಹುಡುಗಿಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಬಹುಪಾಲು ಸಂದರ್ಭಗಳಲ್ಲಿ ಎದುರಾಳಿಯ ಪೆಟ್ಟಿನಿಂದ ಅದು ಹರಿಯುವುದಲ್ಲ, ಇಳಿಯುವಾಗಲೋ ತಟಕ್ಕನೆ ದಿಕ್ಕು ಬದಲಿಸುವಾಗಲೋ ತನ್ನಷ್ಟಕ್ಕೆ ತಾನೇ ಹರಿಯುತ್ತದೆ. 2005ರಲ್ಲಿ ಅಮೆರಿಕದ ಟಿಮೊತಿ ಹ್ಯೂವೆಟ್ ಮತ್ತು ಸಂಗಡಿಗರು, ಫುಟ್‌ಬಾಲ್ ಬ್ಯಾಸ್ಕೆಟ್‌ಬಾಲ್ ವಾಲಿಬಾಲ್‌ಗಳ 205 ಮಂದಿ ಆಟಗಾರ್ತಿಯರು ನೆಗೆದಿಳಿಯುವ ರೀತಿಯನ್ನು ಮೊದಲೇ ಅಳೆದಿಟ್ಟುಕೊಂಡು ಕಾದು ನೋಡಿದಾಗ, ಮುಂದೆ ರಜ್ಜು ಹರಿದುಕೊಂಡ ಒಂಬತ್ತು ಮಂದಿಯಲ್ಲಿ ಮಂಡಿಯ ಒಳವಾಲು ಇತರರಿಗಿಂತ ಸುಮಾರು 8 ಡಿಗ್ರಿ ಅಧಿಕವಾಗಿತ್ತೆಂದೂ, ಮಂಡಿಯನ್ನು ಒಳಕ್ಕೆ ತಿರುಚುವ ಬಲ ಎರಡೂವರೆ ಪಟ್ಟಾಗಿತ್ತೆಂದೂ ಕಂಡುಬಂತು. ಒಂಬತ್ತು ಸಣ್ಣ ಸಂಖ್ಯೆ. 2016ರಲ್ಲಿ ನಾರ್ವೆಯ ಹ್ಯಾಂಡ್‌ಬಾಲ್ ಮತ್ತು ಫುಟ್‌ಬಾಲ್ ಆಟಗಾರ್ತಿಯರ ಇನ್ನೂ ದೊಡ್ಡ ಅಧ್ಯಯನವೊಂದು, ಇಂಥ ಅಳತೆಯಿಂದ ಯಾರಿಗೆ ಗಾಯವಾಗುವುದೆಂದು ಮುಂಚಿತವಾಗಿ ಹೇಳಲಾಗದೆಂದು ತೋರಿಸಿತು. ಆದಕಾರಣ ಒಳವಾಲಿದ ಮಂಡಿಯನ್ನು ಕಂಡೊಡನೆ ಆ ಮಗುವಿಗೆ ಗಾಯ ತಪ್ಪಿದ್ದಲ್ಲವೆಂದು ಭವಿಷ್ಯ ನುಡಿಯುವುದು ಅವಿಚಾರ. ತಂದೆತಾಯಿಯರನ್ನು ಹಾಗೆ ಹೆದರಿಸಿ ಹುಡುಗಿಯ ಆಟವನ್ನೇ ಬಿಡಿಸಿದ ಪ್ರಸಂಗಗಳು ನನಗೆ ಬಹಳ ದುಃಖವನ್ನುಂಟುಮಾಡಿವೆ.

ವಯಸ್ಸಿನ ಮಾತೂ ಇಲ್ಲಿ ಬಹುಮುಖ್ಯ. ಹುಡುಗಿಯರು ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ, ಹುಡುಗರು ಹದಿನಾಲ್ಕರ ಸುಮಾರಿಗೆ, ಅತಿವೇಗದಿಂದ ಎತ್ತರಕ್ಕೆ ಬೆಳೆಯುತ್ತಾರೆ. ಮೂಳೆ ಮೊದಲು ನೀಳವಾಗುತ್ತದೆ, ಸ್ನಾಯುವಿನ ಬಲ ಹಿಂದಿನಿಂದ ಬರುತ್ತದೆ. ಹುಡುಗರಲ್ಲಿ ಆ ಬಲ ಪ್ರಾಯದೊಡನೆ ಧಾರಾಳವಾಗಿ ಬರುವಷ್ಟು ಹುಡುಗಿಯರಲ್ಲಿ ತಾನಾಗಿ ಬರುವುದಿಲ್ಲ. ನಿನ್ನೆಯವರೆಗೆ ಚೆನ್ನಾಗಿ ಇಳಿಯುತ್ತಿದ್ದ ಮಗು ಇಂದು ತಡವರಿಸಿದರೆ ಅದು ಅಲಕ್ಷ್ಯದ ಫಲವಲ್ಲ. ನೀಳವಾದ ಹೊಸ ಕಾಲುಗಳನ್ನು ಆಳುವ ವಿದ್ಯೆಯನ್ನು ಆ ಶರೀರ ಇನ್ನೂ ಅಭ್ಯಾಸಮಾಡಿಕೊಳ್ಳುತ್ತಿದೆ.

ಈಗ ಪಟ್ಟಿಯ ವಿಚಾರ. 1970ರ ದಶಕದಲ್ಲಿ ಜಪಾನಿನ ಕೆಂಜೋ ಕಾಸೆ ಎಂಬ ಚಿಕಿತ್ಸಕರು ರೂಪಿಸಿದ ಈ ವಸ್ತು, ಹತ್ತಿಯ ನೇಯ್ಗೆಗೆ ಹಿಗ್ಗುವ ಎಳೆಗಳನ್ನು ಸೇರಿಸಿ, ಒಂದು ಮಗ್ಗುಲಿಗೆ ದೇಹದ ಬಿಸಿಗೆ ಹಿಡಿಯುವ ಅಂಟನ್ನು ಅಲೆಯಲೆಯಾಗಿ ಸವರಿ ಮಾಡಿದ್ದು. ಸಾಮಾನ್ಯವಾಗಿ 5 ಸೆಂಟಿಮೀಟರ್ ಅಗಲದ ಸುರುಳಿಯಾಗಿ ದೊರೆಯುತ್ತದೆ. ಅಂಟಿಸಿದರೆ ಮೂರು ನಾಲ್ಕು ದಿನ ನಿಲ್ಲುತ್ತದೆ. ಚರ್ಮವನ್ನು ಸೂಕ್ಷ್ಮವಾಗಿ ಮೇಲೆತ್ತಿ ಕೆಳಗಿನ ರಕ್ತಸಂಚಾರಕ್ಕೆ ಎಡೆಮಾಡುತ್ತದೆ, ಎಳೆದ ದಿಕ್ಕಿಗನುಗುಣವಾಗಿ ಸ್ನಾಯುವನ್ನು ಪ್ರಚೋದಿಸುತ್ತದೆ ಅಥವಾ ಶಮನಗೊಳಿಸುತ್ತದೆ ಎಂಬುದು ಅದರ ಪ್ರತಿಪಾದಕರ ಸಿದ್ಧಾಂತ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಅವರ ಭುಜದ ಮೇಲೆ ಲೋಕವೆಲ್ಲ ಅದನ್ನು ಕಂಡಿತು. ಅಲ್ಲಿಂದ ಮುಂದೆ ಅದಕ್ಕೆ ಪ್ರಚಾರದ ಕೊರತೆಯಾಗಲಿಲ್ಲ.

ಸಿದ್ಧಾಂತ ಪರೀಕ್ಷೆಗೆ ನಿಂತಾಗ ಏನಾಯಿತು? 2014ರಲ್ಲಿ ಬ್ರೆಜಿಲ್‌ನ ಪರೇರ ಮತ್ತು ಸಂಗಡಿಗರು, ದೀರ್ಘಕಾಲದ ಸೊಂಟನೋವಿನವರಲ್ಲಿ ಕೆಲವರಿಗೆ ಪಟ್ಟಿಯನ್ನು ಎಳೆದು ಚರ್ಮ ನಿರಿಗೆಗಟ್ಟುವಂತೆಯೂ, ಉಳಿದವರಿಗೆ ಎಳೆಯದೆ ನಿರಿಗೆಯಿಲ್ಲದಂತೆಯೂ ಅಂಟಿಸಿ ನೋಡಿದರು. ಎರಡು ಗುಂಪಿನವರ ನೋವೂ ಸಮಾನವಾಗಿಯೇ ಇಳಿಯಿತು. ನಿರಿಗೆಯೇ ಗುಣಕ್ಕೆ ಕಾರಣವೆಂಬ ವಾದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. 2015ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಮತ್ತೂ ಜಾಣ್ಮೆಯ ಪರೀಕ್ಷೆಯೊಂದನ್ನು ನಡೆಸಿದರು: ಈ ಪಟ್ಟಿಯ ಪರಿಚಯವೇ ಇಲ್ಲದವರನ್ನು ಆರಿಸಿ, ಕಣ್ಣು ಕಟ್ಟಿ, ಸ್ನಾಯುವಿನ ಚಟುವಟಿಕೆಯನ್ನು ಅಳೆಯುವ ಸಾಧನವನ್ನು ಅಂಟಿಸುತ್ತಿದ್ದೇವೆಂದು ಹೇಳಿ ತೊಡೆಗೆ ಪಟ್ಟಿ ಹಾಕಿದರು. ಕ್ರಮಬದ್ಧವಾದ ಪಟ್ಟಿ, ಹುಸಿಪಟ್ಟಿ, ಪಟ್ಟಿಯೇ ಇಲ್ಲದ ತೊಡೆ, ಈ ಮೂರರ ಬಲದಲ್ಲಿಯೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಪಟ್ಟಿಯಿಂದ ಬಲ ಬರುತ್ತದೆಂಬ ಅನುಭವದ ಹಿಂದೆ ನಿರೀಕ್ಷೆಯ ಪಾಲು ದೊಡ್ಡದೆಂದು ಇದರಿಂದ ನಾವು ತಿಳಿಯಬಹುದು.

ಹಾಗೆಂದು ಪಟ್ಟಿ ನಿರರ್ಥಕವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನೋವನ್ನು ಅಲ್ಪಕಾಲ ತಗ್ಗಿಸುವ ಶಕ್ತಿ ಅದಕ್ಕೆ ಕೆಲವರಲ್ಲಿ ಇದ್ದೀತು. ನೋವು ತಗ್ಗಿದ ಮಗು ವ್ಯಾಯಾಮವನ್ನು ನಿರ್ಭಯವಾಗಿ ಮಾಡುತ್ತದೆ. ಅದಲ್ಲದೆ ಚರ್ಮದ ಮೇಲಿನ ಸ್ಪರ್ಶ ಮನಸ್ಸನ್ನು ಆ ಅಂಗದತ್ತ ಸೆಳೆಯುತ್ತದೆ. ಅಕ್ಷರಾಭ್ಯಾಸದ ಮಗುವಿನ ಕೈಮೇಲೆ ಗುರುವಿನ ಬೆರಳು ಇದ್ದಂತೆ ಅದೊಂದು ಎಚ್ಚರಿಕೆ. ಆದರೆ ಪಟ್ಟಿ ಮಂಡಿಯನ್ನು ಹಿಡಿದು ನಿಲ್ಲಿಸುತ್ತದೆಂದು ನಂಬುವುದು ಮಾತ್ರ ಬಲಗಳ ಲೆಕ್ಕಕ್ಕೆ ವಿರುದ್ಧ. ನೆಗೆದಿಳಿಯುವಾಗ ನೆಲ ಶರೀರವನ್ನು ಅದರ ತೂಕದ ಹಲವು ಪಟ್ಟು ಬಲದಿಂದ ಮೇಲಕ್ಕೆ ತಳ್ಳುತ್ತದೆ; ಬೆರಳಿನಿಂದ ಸಲೀಸಾಗಿ ಹಿಗ್ಗಿಸಬಹುದಾದ ಬಟ್ಟೆಯ ಎಳೆ ಅದಕ್ಕೆ ಅಡ್ಡ ಬರಲಾರದು.

ಕಾಲದ ಲೆಕ್ಕ ಇದಕ್ಕಿಂತಲೂ ನಿರ್ಣಾಯಕ. ಹ್ಯಾಂಡ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ರಜ್ಜು ಹರಿದ ಕ್ಷಣಗಳ ಚಲಚ್ಚಿತ್ರಗಳನ್ನು ಹಲವು ದಿಕ್ಕುಗಳಿಂದ ಪರಿಶೀಲಿಸಿದ ವಿಜ್ಞಾನಿಗಳು, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡುಗಳೊಳಗೆ ಗಾಯವಾಗಿ ಹೋಗುತ್ತದೆಂದು ಎಣಿಸಿದ್ದಾರೆ. ತಪ್ಪಾಗುತ್ತಿದೆಯೆಂದು ಅರಿತು, ತಿದ್ದಲು ನಿಶ್ಚಯಿಸಿ, ಸ್ನಾಯುವಿಗೆ ಆಜ್ಞೆ ಕಳಿಸುವಷ್ಟರಲ್ಲಿ ಅದರ ಹಲವು ಪಟ್ಟು ಕಾಲವೇ ಸಂದುಹೋಗಿರುತ್ತದೆ. ಆದ್ದರಿಂದ ಪಾದ ನೆಲ ಮುಟ್ಟುವ ಮುನ್ನವೇ, ಶರೀರ ಇನ್ನೂ ಗಾಳಿಯಲ್ಲಿರುವಾಗಲೇ, ಪೃಷ್ಠದ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳು ಸನ್ನದ್ಧವಾಗಿರಬೇಕು. ಈ ಸನ್ನಾಹ ಪುನಃಪುನಃ ಮಾಡಿದ ಅಭ್ಯಾಸದಿಂದಲ್ಲದೆ ಬರುವುದಿಲ್ಲ. ವ್ಯಾಯಾಮದ ಪಕ್ಷಕ್ಕೆ ನಾನು ಒಲಿದಿರುವುದು ಮುಖ್ಯವಾಗಿ ಈ ಕಾರಣದಿಂದ.

ವ್ಯಾಯಾಮದ ಸಾಕ್ಷ್ಯವನ್ನೂ ಅದೇ ನಿಷ್ಠುರತೆಯಿಂದ ನೋಡಬೇಕಾದ್ದು ನ್ಯಾಯ. ಬಸ್ಕಿ ಹೊಡೆಯುವವರಿಗೆ ತಾವು ಬಸ್ಕಿ ಹೊಡೆಯುತ್ತಿರುವುದು ಗೊತ್ತಿರುವುದರಿಂದ ಅಲ್ಲಿ ಕಣ್ಣು ಕಟ್ಟುವ ಪರೀಕ್ಷೆ ಅಸಾಧ್ಯ. ಪಟ್ಟಿಯನ್ನು ಅಂಟಿಸಿದ ಅರ್ಧ ಗಂಟೆಗೆ ಅಳೆದು ವ್ಯಾಯಾಮವನ್ನು ಆರೆಂಟು ವಾರಗಳ ಮೇಲೆ ಅಳೆದು ಇದು ಮೇಲು ಅದು ಕೀಳು ಎಂದರೆ ಆ ತೂಕವೂ ಸಮವಲ್ಲ. ತೌಲನಿಕ ಅಧ್ಯಯನ ಮಾಡುವ ತರುಣರಿಗೆ ನನ್ನ ವಿಜ್ಞಾಪನೆಯಿಷ್ಟೆ: ಎರಡು ಗುಂಪುಗಳನ್ನೂ ಸಮಾನ ಅವಧಿಗೆ ನಡೆಸಿ, ಪಟ್ಟಿಯನ್ನು ಕಿತ್ತು, ವ್ಯಾಯಾಮವನ್ನೂ ನಿಲ್ಲಿಸಿ, ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಅಳೆಯಿರಿ, ಅದೂ ನಿಧಾನದ ಬಸ್ಕಿಯಲ್ಲಲ್ಲ, ದಣಿದ ಮೇಲಿನ ನೆಗೆತದಲ್ಲಿ. ಪಂದ್ಯದ ಕೊನೆಯ ಕಾಲುಭಾಗದಲ್ಲಿಯೂ ಉಳಿಯುವ ತಿದ್ದುಪಡಿಯಿಂದಲೇ ಮಗುವಿಗೆ ಪ್ರಯೋಜನ.

ಶಾಲೆಗಳ ಮಟ್ಟಿಗೆ ನನಗೆ ಅತ್ಯಂತ ಪ್ರಿಯವಾದ ಸಾಕ್ಷ್ಯ ಅಮೆರಿಕದ ಶಿಕಾಗೋ ನಗರದ ಸರ್ಕಾರಿ ಪ್ರೌಢಶಾಲೆಗಳದು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಿಂಥಿಯ ಲಾಬೆಲ್ಲ ಎಂಬ ವೈದ್ಯೆ ಮತ್ತು ಸಂಗಡಿಗರು, ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಡುವ ಸುಮಾರು 1500 ಬಾಲಿಕೆಯರ ಕೋಚ್‌ಗಳಲ್ಲಿ ಒಂದು ಭಾಗದವರಿಗೆ ಎರಡು ಗಂಟೆಗಳ ಶಿಕ್ಷಣ ಕೊಟ್ಟು, ಅಭ್ಯಾಸಕ್ಕೆ ಮೊದಲು 20 ನಿಮಿಷ ಬಲ, ಸಮತೋಲ, ನೆಗೆತ, ಚುರುಕುಗಳ ವ್ಯಾಯಾಮ ಮಾಡಿಸಿದರು. ಆ ಮಕ್ಕಳಲ್ಲಿ ಬಹುಮಂದಿ ಬಡ ಕುಟುಂಬಗಳವರು. ವ್ಯಾಯಾಮ ಮಾಡಿದ ತಂಡಗಳಲ್ಲಿ ಎದುರಾಳಿಯ ಸಂಪರ್ಕವಿಲ್ಲದೆ ಆಗುವ ಕಾಲಿನ ಗಾಯಗಳೂ, ಹರಡು ಉಳುಕುವಿಕೆಯೂ, ಶಸ್ತ್ರಚಿಕಿತ್ಸೆಗೆ ಗುರಿಯಾಗುವ ಪೆಟ್ಟುಗಳೂ ಗಣನೀಯವಾಗಿ ಕಡಿಮೆಯಾದವು. ಬೆಲೆಬಾಳುವ ಸಾಧನವಿಲ್ಲ, ತಂಡಕ್ಕೊಬ್ಬ ಫಿಸಿಯೋ ಇಲ್ಲ. ಕೋಚ್ ಒಬ್ಬರ ಕಣ್ಣು ಮತ್ತು ಮಾತು ಸಾಕಾಯಿತು.

ನಮ್ಮ ಅಂಕಣಗಳಲ್ಲಿ ಇದನ್ನು ನಡೆಸುವ ಬಗೆ ಹೀಗೆ. ವಾರಕ್ಕೆ ಮೂರು ದಿನ, ಆಟಕ್ಕೆ ಮುನ್ನ, ಮೀನಖಂಡವನ್ನು ಗೋಡೆಗೆ ಒತ್ತಿ ನಿಂತು ಸಡಿಲಿಸಿಕೊಳ್ಳುವುದು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ತುಸು ಹಿಂದಕ್ಕೊಯ್ದು ಎತ್ತಿ ಇಳಿಸುವುದು. ಬೆನ್ನ ಮೇಲೆ ಮಲಗಿ ಸೊಂಟವನ್ನು ಎತ್ತಿ ಹಿಡಿಯುವುದು. ಬಳಿಕ ಬಸ್ಕಿ, ಅದು ಹದಗೊಂಡ ಮೇಲೆ ಒಂಟಿಗಾಲಿನ ಅರ್ಧಬಸ್ಕಿ. ಕೊನೆಯಲ್ಲಿ ಗೇಣುದ್ದದ ಮೆಟ್ಟಿಲಿನಿಂದ ಇಳಿದು, ಸದ್ದಾಗದಂತೆ, ಮಂಡಿ ಕಾಲಿನ ನಡುಬೆರಳಿನ ನೇರಕ್ಕಿರುವಂತೆ, ಮೂರು ಎಣಿಸುವವರೆಗೆ ನಿಲ್ಲುವುದು. ನಮ್ಮ ಗರಡಿಮನೆಗಳಲ್ಲಿ ಉಸ್ತಾದರು ಎಳೆಯರ ಬಸ್ಕಿಯ ನಿಲುವನ್ನು ಎದುರು ನಿಂತು ತಿದ್ದುತ್ತಿದ್ದ ಪದ್ಧತಿ ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಎಷ್ಟು ಸಲ ಎಂಬುದಕ್ಕಿಂತ ಹೇಗೆ ಎಂಬುದನ್ನು ನೋಡಿರಿ. ಮಂಡಿ ಒಳಕ್ಕೆ ಹೋದ ಕೂಡಲೆ ಆ ಸುತ್ತು ಮುಗಿಯಿತೆಂದು ನಿಲ್ಲಿಸಿರಿ, ಏಕೆಂದರೆ ದಣಿದ ಕಾಲು ತಪ್ಪನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಹುಡುಗಿಯರಿಗೆ ಇದನ್ನು ಮಾಡಿಸುವಾಗ ಸಂಕೋಚವಾಗದಂತೆ, ಕೈ ಸೋಕಿಸದೆ, ಮಾತಿನಿಂದಲೋ ಕನ್ನಡಿಯಿಂದಲೋ ತಿದ್ದುವ ವಿನಯ ಶಿಕ್ಷಕರಲ್ಲಿರಬೇಕು.

ಪಟ್ಟಿಯನ್ನು ಬಳಸಲೇಬೇಕೆನಿಸಿದರೆ ಮೊದಲ ಒಂದೆರಡು ವಾರ, ನೋವಿರುವ ಮಗುವಿಗೆ, ಬಲ್ಲವರ ಕೈಯಿಂದ ಹಾಕಿಸಿ, ನಮ್ಮ ಸೆಕೆಯಲ್ಲಿ ಬೆವರು ಕೂತು ಚರ್ಮ ಕೆಂಪಾದರೆ ಅಥವಾ ತುರಿಸಿದರೆ ಆಗಲೇ ತೆಗೆದುಹಾಕತಕ್ಕದ್ದು. ಸುರುಳಿಯೊಂದಕ್ಕೆ ಕೆಲವು ನೂರು ರೂಪಾಯಿಗಳನ್ನು ಕೊಡಲಾರದ ಮನೆಯ ಮಗು, ಅದಿಲ್ಲದೆ ತನ್ನ ಆಟ ಹಿಂದುಳಿಯಿತೆಂದು ಕೊರಗಬೇಕಾಗಿಲ್ಲ. ಈ ಮಾತನ್ನು ಕೋಚ್‌ಗಳು ತಂಡದ ಎಲ್ಲರೆದುರಿಗೂ ಹೇಳಬೇಕೆಂದು ನಾನು ಆಗ್ರಹಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಇನ್ನು, ಇಳಿಯುವಾಗ ಮಂಡಿಯೊಳಗೆ ಪಟ್ಟೆಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಊತ ಬಂದು, ಕಾಲು ಊರಿದಾಗ ಮಂಡಿ ಜಾರಿದಂತಾಗುವ ಮಗುವಿಗೆ ವ್ಯಾಯಾಮವೂ ಸಲ್ಲದು, ಪಟ್ಟಿಯೂ ಸಲ್ಲದು. ಅವಳನ್ನು ಆಟದಿಂದ ಹೊರಗೆ ಕೂರಿಸಿ, ಕಾಲನ್ನು ಎತ್ತರದಲ್ಲಿಟ್ಟು, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿ, ತಡಮಾಡದೆ ಮೂಳೆ ವೈದ್ಯರ ಬಳಿಗೆ ಕರೆದೊಯ್ಯಬೇಕು.