ಕಪ್ಪತಗುಡ್ಡದ ಬುಡದಲ್ಲಿ ಎರಡು ರಾತ್ರಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



‘ನೀನೂ ಹತ್ತು ನಿಮಿಷ ಮಾತಾಡಬೇಕು, ಸಾಫ್ಟ್‌ವೇರ್ ಬಗ್ಗೆ ಏನರ ಹೇಳು’ ಎಂದು ಸಂಘಟಕರು ಹೇಳಿದ್ದರು. ಈ ಮಕ್ಕಳು ಮೊಬೈಲ್ ಬಳಸುವುದನ್ನು ನೋಡಿದ ಮೇಲೆ ಆ ವಿಷಯದಲ್ಲಿ ನಾನು ಹೊಸದಾಗಿ ಹೇಳುವುದು ಏನೂ ಇಲ್ಲ ಅನ್ನಿಸಿತು. ಸುವರ್ಣ ಮಹೋತ್ಸವ ಅಂದ ಮೇಲೆ ಬಂಗಾರದ ಮಾತನ್ನೇ ಆಡೋಣ.

ನಾನು ಎಂಟನೆಯ ತರಗತಿಯಲ್ಲಿದ್ದಾಗ, 2003ರ ಜನವರಿಯಲ್ಲಿ, ನಮ್ಮ ವಿಜ್ಞಾನದ ಸರ್ ನಮ್ಮನ್ನೆಲ್ಲ ಕೆಂಪು ಬಸ್ಸಿನಲ್ಲಿ ಒಂದು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ಲಕ್ಕುಂಡಿ, ಗದಗ, ಡಂಬಳದ ದೊಡ್ಡಬಸಪ್ಪನ ಗುಡಿ, ಕೊನೆಗೆ ಕಪ್ಪತಗುಡ್ಡ. ಗುಡಿಗಳಲ್ಲಿ ನಾವು ಗದ್ದಲ ಮಾಡಿದ್ದೇ ಹೆಚ್ಚು. ಗುಡ್ಡಕ್ಕೆ ಬಂದಾಗ ಮಾತ್ರ ಎಲ್ಲರೂ ಸುಮ್ಮನಾದೆವು, ಯಾಕೆಂದರೆ ಸರ್ ಒಂದು ಮಾತು ಹೇಳಿದರು: ‘ಇಲ್ಲಿ ಹಿಂದಕ ಬಂಗಾರ ತೆಗೀತಿದ್ರು.’

ಅಷ್ಟು ಸಾಕಾಯಿತು. ಐವತ್ತು ಹುಡುಗರು ಬಗ್ಗಿಕೊಂಡು ಕಲ್ಲು ಹುಡುಕತೊಡಗಿದರು. ನನ್ನ ಬೆಂಚಿನ ಗೆಳೆಯನಿಗೆ ಒಂದು ಕಲ್ಲು ಸಿಕ್ಕಿತು. ಹಸಿರು ಮಿಶ್ರಿತ ಕಪ್ಪು ಕಲ್ಲು, ಅದರೊಳಗೆ ಸಣ್ಣ ಸಣ್ಣ ಚೌಕಾಕಾರದ ಹಳದಿ ಹರಳು. ಬಿಸಿಲಿಗೆ ಹಿಡಿದರೆ ಥಳಥಳ ಹೊಳೆಯುತ್ತಿತ್ತು. ‘ನಿನ್ನ ಕಂಪಾಸ್ ಪೆಟಿಗ್ಯಾಗ ಇಟ್ಕೋ, ನನ್ನ ಕಿಸೆ ಹರದೈತಿ’ ಎಂದು ನನ್ನ ಕೈಗೆ ಕೊಟ್ಟ. ಊರಿಗೆ ಬಂದ ಮೇಲೆ ಅವನು ಕೇಳಿದಾಗ, ಬಸ್ಸಿನಲ್ಲಿ ಎಲ್ಲೋ ಬಿತ್ತು ಎಂದು ಹೇಳಿದೆ. ಬಿದ್ದಿರಲಿಲ್ಲ. ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲಿನ ಹಿಂದಿನ ಗೋಡೆಯ ಸಂದಿಯಲ್ಲಿತ್ತು.

ಮರುವರ್ಷ, ಒಂಬತ್ತನೆಯ ತರಗತಿಯ ನಡುವೆ, ಅವನು ಶಾಲೆ ಬಿಟ್ಟ. ಸರಕಾರಿ ಶಾಲೆ, ಫೀ ಕಾರಣವಲ್ಲ. ಮನೆಯಲ್ಲಿ ದುಡಿಯುವ ಕೈ ಬೇಕಾಗಿತ್ತು. ನನಗೆ ಮಾತ್ರ ಆ ಕಲ್ಲು ಮಾರಿದ್ದರೆ ಅವನು ಶಾಲೆ ಬಿಡುತ್ತಿರಲಿಲ್ಲವೇನೋ ಎಂಬ ಹುಳ ತಲೆಯಲ್ಲಿ ಹೊಕ್ಕಿತು. ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದುವಾಗ ಗೊತ್ತಾಯಿತು, ಅದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಬಂಗಾರವನ್ನು ಸುತ್ತಿಗೆಯಿಂದ ಬಡಿದರೆ ತಗಡಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ರಜೆಗೆ ಬಂದಾಗ ಬಡಿದು ನೋಡಿದೆ. ಪುಡಿಯಾಯಿತು. ಅಂದು ನನಗೆ ಬಹಳ ಸಮಾಧಾನವಾಯಿತು. ಅವನ ಮನೆ ಎರಡು ಓಣಿ ಆಚೆ. ಹೋಗಿ ಹೇಳಲಿಲ್ಲ.

ಕಳೆದ ಜನವರಿಯಲ್ಲಿ ನಮ್ಮ ಬ್ಯಾಚಿನ ಐದು ಜನ, ಅವನೂ ಸೇರಿ, ಎರಡು ರಾತ್ರಿ ಕಪ್ಪತಗುಡ್ಡದ ಕೆಳಗೆ ವಸ್ತಿ ಮಾಡಿ ಬಂದೆವು. ಗುಡ್ಡ ಈಗ ವನ್ಯಜೀವಿಧಾಮ, ಒಳಗೆ ಮನಬಂದಂತೆ ಡೇರೆ ಹಾಕುವ ಹಾಗಿಲ್ಲ. ಡೋಣಿಯ ಕಡೆ ಪರಿಚಯದ ರೈತರೊಬ್ಬರ ಹೊಲದಲ್ಲಿ ಜಾಗ ಸಿಕ್ಕಿತು. ಒಂದು ಕಡೆ ಬಿಳಿಜೋಳ, ಇನ್ನೊಂದು ಕಡೆ ಕಡಲೆ, ಎದುರಿಗೆ ಗುಡ್ಡ, ಗುಡ್ಡದ ಮೇಲೆ ಸಾಲು ಸಾಲು ಗಾಳಿಯಂತ್ರ. ಅಷ್ಟು ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ ಎಂದು ನಾನು ಮೊದಲೇ ಯೋಚಿಸಬೇಕಿತ್ತು. ಬೆಂಗಳೂರಿನಿಂದ ಆರು ಸಾವಿರ ಕೊಟ್ಟು ತಂದಿದ್ದ ನನ್ನ ಡೇರೆ ರಾತ್ರಿ ಹತ್ತಕ್ಕೆಲ್ಲ ಕಿತ್ತುಕೊಂಡು ಕಡಲೆ ಹೊಲದಲ್ಲಿ ಮಲಗಿತು. ಯಜಮಾನರು ನಕ್ಕು, ಚಕ್ಕಡಿ ತಂದು ಗಾಳಿಗೆ ಅಡ್ಡ ನಿಲ್ಲಿಸಿ, ಮನೆಯಿಂದ ಕೌದಿ ತರಿಸಿಕೊಟ್ಟರು.

ಸಂಜೆ ಅವರು ಸೀತನಿ ಸುಟ್ಟರು. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಊಟ ಮುಗಿದ ಕೂಡಲೇ ಬೆಂಕಿಗೆ ಎರಡು ಕೊಡ ನೀರು ಸುರಿದು, ಬೂದಿಯನ್ನು ಕಾಲಿನಿಂದ ಕೆದರಿ, ಮತ್ತೆ ನೀರು ಸುರಿದರು. ಚಳಿ ಕಾಯಿಸುವ ಆಸೆಯಲ್ಲಿದ್ದ ನಾವು ಮುಖ ಮುಖ ನೋಡಿಕೊಂಡೆವು. ‘ಬಾದಿ ಹುಲ್ಲು ಒಣಗೇತ್ರಿ. ಒಂದು ಕಿಡಿ ಗುಡ್ಡಕ್ಕ ಹತ್ತಿದ್ರ ಮೂರು ದಿವಸ ಉರೀತೈತಿ’ ಎಂದರು. ಪ್ರತಿ ವರ್ಷ ಬೇಸಿಗೆಯ ಹೊತ್ತಿಗೆ ಅಲ್ಲಿ ಬೆಂಕಿ ಬೀಳುವುದನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ.

ಈಗ ಬಂಗಾರದ ಚರಿತ್ರೆ ಸ್ವಲ್ಪ ಹೇಳುತ್ತೇನೆ, ಮಕ್ಕಳು ಕೇಳಿಸಿಕೊಳ್ಳಬೇಕು. ಗದಗ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ಈ ಗುಡ್ಡ ನಮ್ಮ ಧಾರವಾಡ ಜಿಲ್ಲೆಯದೇ. ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಶಿಂಗಟಾಲೂರಿನವರೆಗೆ ಸುಮಾರು 60 ಕಿ.ಮೀ. ಉದ್ದದ ಸಾಲು. ಕಂಪನಿಗಳು ಬರುವ ಬಹಳ ಮೊದಲೇ ಇಲ್ಲಿ ಜಾಲಗಾರರು ಎಂಬ ಜನ ಇದ್ದರು. ಮಳೆಗಾಲದಲ್ಲಿ ಹಳ್ಳಗಳು ಹರಿದ ಮೇಲೆ, ಡೋಣಿ, ಸೊರಟೂರಿನ ಹಳ್ಳಗಳ ಉಸುಕನ್ನು ಕಟ್ಟಿಗೆಯ ಮರಿಗೆಯಲ್ಲಿ ಹಾಕಿ, ನೀರಿನಲ್ಲಿ ಅಲುಗಾಡಿಸಿ, ತಳದಲ್ಲಿ ಉಳಿದ ಬಂಗಾರದ ಕಣಗಳನ್ನು ಆರಿಸುತ್ತಿದ್ದರು. ನಮ್ಮ ತಾಯಂದಿರು ಹರಳು ತೆಗೆಯಲು ಅಕ್ಕಿ ಜಾಲಿಸುತ್ತಾರಲ್ಲ, ಅದೇ ವಿದ್ಯೆ. ಉಸುಕು ನೀರಿಗಿಂತ ಎರಡೂವರೆ ಪಟ್ಟು ಭಾರ, ಬಂಗಾರ 19 ಪಟ್ಟು. ಹಗುರಾದದ್ದು ನೀರಿನ ಜೊತೆ ಹೋಗುತ್ತದೆ, ಭಾರವಾದದ್ದು ಕೂತಲ್ಲೇ ಕೂರುತ್ತದೆ. ಎರಡನೆಯ ದಿನ ನಾವು ಹೊಲದ ಪಂಪಿನ ನೀರು ಹಿಡಿದು, ಪರಾತಿನಲ್ಲಿ ಉಸುಕು ಹಾಕಿ, ಬಂಗಾರದ ಬದಲು ಸೀಸದ ಚೂರು ಬೆರೆಸಿ ಪ್ರಯತ್ನಿಸಿದೆವು. ನಾಲ್ವರು ಎಂಜಿನಿಯರು, ಮಾಸ್ತರರ ಸೀಸವೆಲ್ಲ ನೀರಿನ ಪಾಲಾಯಿತು. ಯಜಮಾನರ ಸೊಸೆ ಬಂದು, ಪರಾತು ಕಸಿದುಕೊಂಡು, ಎರಡು ನಿಮಿಷದಲ್ಲಿ ಅಷ್ಟೂ ಚೂರು ಉಳಿಸಿ ತೋರಿಸಿದರು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಡಂಬಳದ ಗುಡ್ಡಗಳ ಬಂಗಾರದ ಶಿಲೆಗಳ ಬಗ್ಗೆ 1874ರಲ್ಲಿ ವರದಿ ಪ್ರಕಟಿಸಿದರು. ಮುಂದೆ 1880ರ ದಶಕದಲ್ಲಿ ಇಂಥ ಶಿಲೆಗಳಿಗೆಲ್ಲ ಅವರು ಇಟ್ಟ ಹೆಸರು ‘ಧಾರವಾರ’. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳು. ಇವತ್ತು ಜಗತ್ತಿನ ಯಾವ ದೇಶದಲ್ಲಿ ಭೂವಿಜ್ಞಾನ ಓದುವವರಿಗೂ ಪೇಡೆ ಗೊತ್ತಿಲ್ಲದಿದ್ದರೂ ಧಾರವಾರ ಗೊತ್ತು. ಕೋಲಾರ, ಹಟ್ಟಿಯ ಬಂಗಾರ ಇರುವುದೂ ಇದೇ ಜಾತಿಯ ಶಿಲೆಯಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಹೊಸೂರು, ಕಬಲಾಯತಕಟ್ಟಿಯ ಸುತ್ತ ಗಣಿ ತೋಡಿದವು. ಹಾಕಿದ ದುಡ್ಡು ಹುಟ್ಟಲಿಲ್ಲ, ಕೆಲವೇ ವರ್ಷಗಳಲ್ಲಿ ಬಿಟ್ಟು ಹೋದರು.

ಎರಡನೆಯ ರಾತ್ರಿ ಮಾತು ಗಣಿಯ ಕಡೆಗೇ ಹೊರಳಿತು. ನನ್ನ ಗೆಳೆಯ ಈಗ ಕಲ್ಲಿನ ಕ್ರಷರ್ ಒಂದರಲ್ಲಿ ಟಿಪ್ಪರ್ ಹೊಡೆಯುತ್ತಾನೆ. ಅವನು ಸುತ್ತಿ ಬಳಸಿ ಮಾತಾಡುವವನಲ್ಲ. ‘ಇಲ್ಲಿ ಗಣಿ ಆಗಿದ್ರ ಈ ಕಡೆ ಹುಡುಗ್ರಿಗೆ ಮನಿ ಮುಂದ ಕೆಲಸ ಸಿಗ್ತಿತ್ತು. ಗುಡ್ಡ ಉಳಸ್ರಿ ಅಂತ ನೀವು ಬೆಂಗಳೂರಾಗ ಕುಂತು ಹೇಳ್ತೀರಿ. ದಿನಾ ಮೂವತ್ತು ಕಿಲೋಮೀಟರ್ ಹೋಗಿ ಧೂಳ ತಿನ್ನಾಂವ ನಾನು’ ಎಂದ.

ನಾನು ಲೆಕ್ಕ ಶುರು ಮಾಡಿದೆ. ಗಟ್ಟಿ ಕಲ್ಲಿನ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ಮೂರು ಗ್ರಾಂ ಎಂದು ಹಿಡಿದರೂ, 10 ಗ್ರಾಮಿನ ಒಂದು ಸರಕ್ಕೆ ಮೂರು ಟನ್ನಿಗೂ ಹೆಚ್ಚು ಕಲ್ಲು ಒಡೆಯಬೇಕು. ಹೆಚ್ಚುಕಡಿಮೆ ಒಂದು ಟ್ರೇಲರ್ ಕಲ್ಲು. ಅದನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಬಂಗಾರ ಕರಗಿಸಿ ತೆಗೆದ ಮೇಲೆ ಹಿಟ್ಟು ಅಷ್ಟೂ ಅಲ್ಲೇ ಉಳಿಯುತ್ತದೆ. ಕೆ.ಜಿ.ಎಫ್.ನಲ್ಲಿ ನಾನೇ ನೋಡಿದ್ದೇನೆ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದ ಊರು ಅದು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಮೂರು ಕಿಲೋಮೀಟರಿಗಿಂತ ಆಳ ಇಳಿದಿದ್ದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಈಗ ಅಲ್ಲಿ ಬೂದಿ ಬಣ್ಣದ ಮಣ್ಣಿನ ದಿಬ್ಬಗಳಿವೆ, ಗಾಳಿ ಬಂದರೆ ಅದರ ಧೂಳು ಕಾಲೊನಿಗಳ ಮೇಲೆ ಬರುತ್ತದೆ. ಅಲ್ಲಿಯ ಜನ ಕೆಲಸಕ್ಕಾಗಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ.

ಅವನು ಪೂರ್ತಿ ಕೇಳಿಸಿಕೊಂಡು, ‘ಆತಪ್ಪಾ. ನಿನ್ನ ಹೆಂಡ್ತಿ ಕೊಳ್ಳಾಗಿನ ಬಂಗಾರ ಯಾರ ಊರಿನ ಗುಡ್ಡದ್ದು?’ ಎಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ.

ಯಜಮಾನರು ನಮ್ಮಿಬ್ಬರ ವಾದದಲ್ಲಿ ಸೇರಲಿಲ್ಲ. 2015ರಲ್ಲಿ ಈ ಗುಡ್ಡವನ್ನು ಸಂರಕ್ಷಿತ ಪ್ರದೇಶ ಎಂದು ಸಾರಿದ ಸರಕಾರ ಮರುವರ್ಷ ಆ ಆದೇಶ ಹಿಂದಕ್ಕೆ ಪಡೆದಿತ್ತು. 2017ರ ಫೆಬ್ರುವರಿಯಲ್ಲಿ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತನದಲ್ಲಿ ಧರಣಿ ನಡೆದಾಗ ತಾನು ಎರಡು ಗಂಟು ರೊಟ್ಟಿ ಒಯ್ದಿದ್ದಾಗಿ ಅವರು ಹೇಳಿದರು. ಆ ವರ್ಷ ಏಪ್ರಿಲಿನಲ್ಲಿ ಆದೇಶ ಮತ್ತೆ ಬಂತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮವೂ ಆಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ, 2018ರ ಅಕ್ಟೋಬರಿನಲ್ಲೇ ಲಿಂಗೈಕ್ಯರಾಗಿದ್ದರು. ಯಜಮಾನರಿಗೆ ತಕರಾರು ಇಲ್ಲವೆಂದಲ್ಲ. ಕಾಡುಹಂದಿ ಜೋಳ ಕೆಡವುತ್ತವೆ, ಕುರಿ ಮೇಯಿಸಲು ಮೊದಲಿನಂತೆ ಬಿಡುವುದಿಲ್ಲ. ‘ಮತ್ತ ಧರಣಿ ಆದ್ರ?’ ಎಂದು ನಾನು ಕೇಳಿದೆ. ‘ರೊಟ್ಟಿ ಒಯ್ಯೂದ ಸೈ’ ಎಂದು ಕೌದಿ ಎಳೆದುಕೊಂಡು ಮಲಗಿದರು.

ಉಳಿದವರೂ ಮಲಗಿದ ಮೇಲೆ ನಾನು ಗೆಳೆಯನಿಗೆ ಕಲ್ಲಿನ ವಿಷಯ ಹೇಳಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಹೊತ್ತುಕೊಂಡಿದ್ದ ಮಾತು. ಅವನು, ‘ಯಾವ ಕಲ್ಲೋ?’ ಎಂದ. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: ‘ನಾ ಸಾಲಿ ಬಿಟ್ಟಾಗ ಸರ್ ಸೈಕಲ್ ಮ್ಯಾಲೆ ಎರಡು ಸಲ ನಮ್ಮ ಮನಿಗೆ ಬಂದಿದ್ರು. ಅಪ್ಪನ ಮುಂದ ಕುಂತು, ಹುಡುಗನ್ನ ಕಳಸ್ರಿ ಅಂತ ಕೇಳಿಕೊಂಡ್ರು. ನೀ ಬರ್ತಿ ಅಂತ ದಾರಿ ನೋಡಿದ್ನಿ. ನೀ ಒಂದು ಸಲನೂ ಬರಲಿಲ್ಲ.’

ಕಲ್ಲು ಕದ್ದದ್ದಕ್ಕೆ ಮುಖ ತೋರಿಸಲು ಹೆದರಿ ನಾನು ಹೋಗಿರಲಿಲ್ಲ ಎಂದು ಹೇಳಬೇಕು ಅನ್ನಿಸಿತು. ಅದೂ ಪೂರ್ತಿ ನಿಜವಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ಬೆಂಚಿಗೆ ಬೇರೆ ಹುಡುಗ ಬಂದಿದ್ದ, ಮರೆತಿದ್ದೆ. ‘ತಪ್ಪಾತೋ’ ಎಂದೆ. ಅವನು ‘ಹೂಂ’ ಎಂದ. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ದೂರದಲ್ಲಿ ಏನೋ ಕೂಗಿತು. ತೋಳ ಎಂದು ನಾನು, ನಾಯಿ ಎಂದು ಅವನು.

ಆ ಸರ್ ಇವತ್ತು ಇಲ್ಲೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಸೈಕಲ್ ಅವನ ಮನೆಯ ಮುಂದೆ ನಿಂತದ್ದು ನನಗೆ ಗೊತ್ತಾಗಿದ್ದು ಆ ರಾತ್ರಿ. ಸರ್, ಅವನೂ ಬಂದಿದ್ದಾನೆ, ಹಿಂದೆ ಬೇವಿನ ಗಿಡದ ಹತ್ತಿರ ನಿಂತಿದ್ದಾನೆ. ಕಾರ್ಯಕ್ರಮ ಮುಗಿದ ಮೇಲೆ ಕರೆದುಕೊಂಡು ಬರುತ್ತೇನೆ.

ಕೊನೆಯದಾಗಿ ಒಂದು ಸೂಚನೆ. ಬರುವ ಜನವರಿಯಲ್ಲಿ ಸಂಕ್ರಾಂತಿ ಮುಗಿದ ಮೇಲಿನ ಶನಿವಾರ, ಭಾನುವಾರ ಎಂಟು, ಒಂಬತ್ತನೆಯ ತರಗತಿಯ ಮಕ್ಕಳನ್ನು ಅದೇ ಹೊಲಕ್ಕೆ ಕರೆದೊಯ್ಯಬೇಕೆಂದು ನಮ್ಮ ಬ್ಯಾಚಿನವರು ಮಾತಾಡಿದ್ದೇವೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ, ಇಬ್ಬರು ಮೇಡಂ ಜೊತೆಗೆ ಬರುತ್ತಾರೆ. ಗುಡ್ಡ ಹತ್ತಲು ಅರಣ್ಯ ಇಲಾಖೆಯ ಅನುಮತಿಗೆ ಅರ್ಜಿ ಕೊಡುತ್ತೇವೆ. ಹಳೆಯ ಗಣಿಯ ಗುಂಡಿಗಳ ಹತ್ತಿರ ಯಾರೂ ಹೋಗುವಂತಿಲ್ಲ. ಕೌದಿ, ಒಂದು ತಾಟು, ಟೋಪಿ ತರಬೇಕು. ಡೇರೆ ಬೇಡ. ಬಸ್ಸಿನ ಖರ್ಚು, ಊಟ ನಮ್ಮದು. ಸೀಟು 40. ಮೊದಲ ಹೆಸರು ಆಗಲೇ ಬರೆಸಿಯಾಗಿದೆ, ಎಂಟನೆಯ ತರಗತಿಯಲ್ಲಿರುವ ನನ್ನ ಗೆಳೆಯನ ಮಗಳದು. ಉಳಿದವರು ವಿಜ್ಞಾನದ ಟೀಚರ್ ಹತ್ತಿರ ಹೆಸರು ಕೊಡಿ.